ಕೊಟ್ಟಿಗೆಗೆ ಬಂದ ಕಾರು: ಮೇವಿನ ಲೆಕ್ಕ ಇಟ್ಟಿದ್ದೀರಾ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ನಾವು ಅಡಿಕೆ ಬೆಳೆಗಾರರು ಕೊಳೆರೋಗದ ಔಷಧಿ ಬಗ್ಗೆ ಒಮ್ಮತಕ್ಕೆ ಬಂದೇವು, ಕಾರಿನ ಬಗ್ಗೆ ಬರಲಿಕ್ಕಿಲ್ಲ. ಟೆಂಡರಿನ ದಿನ ಟಿ.ಎಸ್.ಎಸ್. ಅಂಗಳದಲ್ಲಿ ದರ ತಿಳಿಯುವ ತನಕ ನಿಂತು ಕೇಳಿ. ಅಲ್ಲಿ ಮೂರು ಪಕ್ಷಗಳಿವೆ.

ಒಂದು, ಜೀಪು ಪಕ್ಷ. ಕೆಸರಿನಲ್ಲಿ ಹೂತು ಎದ್ದು ಬರದಿದ್ದರೆ ಅದು ಗಾಡಿಯೇ ಅಲ್ಲ ಎನ್ನುವವರು. ಹ್ಯಾಂಡ್‌ಬ್ರೇಕಿನ ಕೆಲಸಕ್ಕೆ ಸೀಟಿನಡಿ ಒಂದು ಕಲ್ಲು ಇರುತ್ತದೆ. ಮಳೆಗಾಲದಲ್ಲಿ ಒಳಗೆ ಕೂತವರೂ ಕೊಡೆ ಬಿಚ್ಚಬೇಕು, ಅಷ್ಟೆ.

ಎರಡು, ಓಮ್ನಿ ಪಕ್ಷ. 2019ರಲ್ಲಿ ಮಾರುತಿಯವರು ಓಮ್ನಿ ನಿಲ್ಲಿಸಿದಾಗ ಇವರಿಗೆ ಸೂತಕ ಬಂದಂತಾಗಿತ್ತು. ಹಿಂದಿನ ಸೀಟು ತೆಗೆದರೆ ಅಡಿಕೆ ಮೂಟೆ, ಹಾಕಿದರೆ ಉಪನಯನಕ್ಕೆ ಹೊರಟ ಮನೆಮಂದಿ. ಇದಕ್ಕಿಂತ ಹೆಚ್ಚಿನದು ಮನುಷ್ಯನಿಗೆ ಬೇಡ ಎಂಬುದು ಅವರ ವಾದ.

ಮೂರು, ಹೊಸ ಕಾರಿನ ಪಕ್ಷ. ತೋಟಕ್ಕೆ ನೀರು ಬಿಡದಿದ್ದರೂ ಕಾರಿಗೆ ದಿನಾ ಸ್ನಾನ ಆಗಲೇಬೇಕು. ವಾಸನೆ ಎಂದು ಹಲಸಿನ ಹಣ್ಣು ಹತ್ತಿಸಲಿಕ್ಕೆ ಬಿಡುವುದಿಲ್ಲ. ಜೀಪಿನವನ ಪ್ರಶ್ನೆ ಒಂದೇ: "ಕಾರು ಚೊಲೋ ಇದ್ದು ಭಾವ, ಆದ್ರೆ ಗೊಬ್ಬರ ಎಲ್ಲಿ ಹಾಕ್ತೆ?"

ಗೊಬ್ಬರದ ಮಾತು ಬಂದದ್ದು ಒಳ್ಳೆಯದಾಯಿತು. ಎಷ್ಟೋ ಮನೆಗಳಲ್ಲಿ ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲೇ ಈಗ ಕಾರು ನಿಂತಿದೆ. ಎಮ್ಮೆ ಮಲಗಿದ್ದರೂ ಸಗಣಿ ಕೊಡುತ್ತಿತ್ತು. ಕಾರು ನಿಂತಲ್ಲೇ ಖರ್ಚು ಕೊಡುತ್ತದೆ. ಮಳೆಗಾಲದಲ್ಲಿ ಸೀಟಿಗೆ ಬೂಷ್ಟು, ಬ್ಯಾಟರಿಗೆ ನಿದ್ದೆ, ವಯರು ಇಲಿಗೆ.

ಲೆಕ್ಕ ಹಾಕೋಣ. ಎಂಟು ಲಕ್ಷದ ಕಾರು ಎಂಟು ವರ್ಷಕ್ಕೆ ಅರ್ಧ ಬೆಲೆಗೆ ಇಳಿಯಿತೆಂದು ಹಿಡಿಯಿರಿ. ವರ್ಷಕ್ಕೆ 50 ಸಾವಿರ ಹೋಯಿತು. ವಿಮೆ, ಸರ್ವೀಸು, ಟೈರು ಎಂದು 30 ಸಾವಿರ ಸೇರಿಸಿ. ತಿಂಗಳಿಗೆ ಐದು ದಿನ ಹೊರಗೆ ತೆಗೆದರೆ ವರ್ಷಕ್ಕೆ 60 ದಿನ. ಅಂದರೆ ದಿನಕ್ಕೆ 1,333 ರೂಪಾಯಿ, ಪೆಟ್ರೋಲು ಬೇರೆ. ಸಾಲದ ಬಡ್ಡಿ ಇನ್ನೂ ಬೇರೆ. ನಿಮ್ಮೂರಿನ ಬಾಡಿಗೆ ಗಾಡಿಯವನ ದರ ಒಮ್ಮೆ ಕೇಳಿ ನೋಡಿ.

ಅಡಿಕೆಗೆ ದರ ಬಂದ ವರ್ಷವೇ ನಮಗೆ ಕಾರಿನ ಜ್ವರ ಏರುವುದು. 1990ರ ದಶಕದ ಕೊನೆಗೆ ದರ ಏರಿತ್ತು, 2000ದ ನಂತರ ಕುಸಿಯಿತು. 2014ರಲ್ಲಿ ಕೆಂಪಡಿಕೆ ಮತ್ತೆ ಹಾರಿತು, ಮತ್ತೆ ಇಳಿಯಿತು. ದರ ಇಳಿಯಿತೆಂದು ಕಾರಿನ ಕಂತು ಇಳಿಯುವುದಿಲ್ಲ. ಆಗ ಕಡಿತ ಬೀಳುವುದು ಗೊಬ್ಬರಕ್ಕೆ, ಬಸಿಗಾಲುವೆ ಕೆಲಸಕ್ಕೆ.

ಹಾಗೆಂದು ಕಾರು ಬೇಡವೆನ್ನಲಾರೆ. ನಮ್ಮಲ್ಲಿ ಮನೆಗಳು ಚದುರಿವೆ, ಬಸ್ಸು ಕಡಿಮೆ. ಆಷಾಢದ ರಾತ್ರಿ ಅಪ್ಪಯ್ಯನಿಗೆ ಎದೆನೋವು ಬಂದರೆ ಬೆಳಗಿನ ಬಸ್ಸಿಗೆ ಕಾಯಲಾಗದು. ಆದರೆ ಆ ರಾತ್ರಿ ಕಾರು ಇದ್ದರೆ ಸಾಲದು, ಓಡಿಸುವವರೂ ಬೇಕು. ಮಗ ಬೆಂಗಳೂರಿನಲ್ಲಿ, ಕಾರು ಇಲ್ಲಿ, ಬೀಗದ ಕೈ ದೇವರ ಗೂಡಿನಲ್ಲಿ. ಇಂಥ ಮನೆಗಳು ಒಂದೇ ಕೇರಿಯಲ್ಲಿ ಎರಡು ಮೂರು ಇವೆ.

ಆದ್ದರಿಂದ ನನ್ನ ಸೂಚನೆ ಇಷ್ಟು: ಕೇರಿಯ ಮೂರು ನಾಲ್ಕು ಮನೆಯವರು ಕೂತು ಮಾತಾಡಿ. ನಡುರಾತ್ರಿ ಎಬ್ಬಿಸಿದರೆ ಹೊರಡುವ ಗಾಡಿ ಒಂದು, ಓಡಿಸಬಲ್ಲವರು ಇಬ್ಬರು ಇದ್ದಾರೆಯೇ ನೋಡಿ. ಇದ್ದರೆ ಎಣ್ಣೆ, ರಿಪೇರಿಗೆ ಎಲ್ಲರೂ ಹೆಗಲು ಕೊಡಿ. ಮನೆಯ ಹೆಂಗಸರೂ ಡ್ರೈವಿಂಗ್ ಕಲಿಯಲಿ, ಊರಲ್ಲಿ ಉಳಿದವರು ಅವರೇ ಹೆಚ್ಚು. ಸಾಲದ ಕಾರು ತೋಟದ ಖರ್ಚು ಕಳೆದು ಮಿಕ್ಕ ಹಣ ಕಂಡ ಮೇಲೆ ಬರಲಿ.

ಜೀಪೋ ಓಮ್ನಿಯೋ ಎಂಬ ಜಗಳ ಮಾತ್ರ ನಿಲ್ಲಿಸಬೇಡಿ. ಟೆಂಡರಿನ ದಿನ ಹೊತ್ತು ಹೋಗಬೇಕಲ್ಲ!