ಸೂಜಿಯೂ ಇರಲಿ, ಮಾತ್ರೆಯೂ ಇರಲಿ

ಹೋದ ವಾರ ತರೀಕೆರೆಗೆ ಹೋಗಿದ್ದೆ. ಅಪ್ಪ ಸೊಂಟನೋವಿಗೆ ಅಕ್ಯುಪಂಕ್ಚರ್ ಮಾಡಿಸ್ಕೊಳ್ತಿದ್ದಾರೆ. ನೋವು ಕಮ್ಮಿಯಾಗಿದೆ, ನಿದ್ದೆನೂ ಬರ್ತಿದೆಯಂತೆ. ಸಂತೋಷ. ಆದ್ರೆ "ಸೂಜಿ ಮಿದುಳನ್ನೇ ತಣ್ಣಗೆ ಮಾಡುತ್ತೆ ಕಣೋ, ಸ್ಕ್ಯಾನ್‌ನಲ್ಲೇ ಕಂಡಿದೆಯಂತೆ" ಅಂತ ಬಿಪಿ ಮಾತ್ರೆ ಬಿಟ್ಟು ಕೂತಿದ್ದಾರೆ!

ಸ್ಕ್ಯಾನ್ ವಿಷಯ ಸುಳ್ಳಲ್ಲ. 2000ದಲ್ಲಿ ಬಾಸ್ಟನ್ನಿನ ಸಂಶೋಧಕರು ಹೆಬ್ಬೆರಳು-ತೋರುಬೆರಳ ನಡುವೆ ಸೂಜಿ ಚುಚ್ಚಿ ಎಫ್ಎಂಆರ್‌ಐ ಮಾಡಿದಾಗ, ಭಯ-ಒತ್ತಡಕ್ಕೆ ಸಂಬಂಧಪಟ್ಟ ಅಮಿಗ್ಡಲಾದ ಚಟುವಟಿಕೆ ಇಳಿದಿತ್ತು. ಆದರೆ ನಮ್ಮ ನಿಮ್ಹಾನ್ಸ್‌ನವರ 2011ರ ಪುಟ್ಟ ಅಧ್ಯಯನದಲ್ಲಿ, ಬರೀ 'ಓಂ' ಅಂದಾಗಲೂ ಅಮಿಗ್ಡಲಾ ತಣ್ಣಗಾಗಿತ್ತು. ಲಾಗ್‌ನಲ್ಲಿ ಏನೋ ಬದಲಾಯ್ತು ಅಂದ ಮಾತ್ರಕ್ಕೆ ಬಗ್ ಸರಿಹೋಯ್ತು ಅಂತಲ್ಲವಲ್ಲ!

ಹೋಲಿಸಿ ನೋಡಬೇಕು. 2007ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ 1162 ಸೊಂಟನೋವಿನವರಿದ್ದರು. ಶಾಸ್ತ್ರಪ್ರಕಾರ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಜನಕ್ಕೆ ಗುಣ ಕಂಡಿತು. ಬೇರೆಲ್ಲೋ ಮೇಲುಮೇಲಕ್ಕೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4 ಮಾತ್ರ. ಅಂದ್ರೆ ಉಪಯೋಗವಿದೆ, ಆದರೆ ಎಲ್ಲಿ ಚುಚ್ಚಿದರು ಅನ್ನೋದು ಅಷ್ಟು ಮುಖ್ಯವಲ್ಲ. ಅರ್ಧ ಗಂಟೆ ಮಲಗಿಸಿ, ನೋವೇನು ಅಂತ ಕೇಳೋರಿದ್ದಾರಲ್ಲ, ಅದರಲ್ಲೂ ಮದ್ದಿರಬೇಕು ಅನ್ನೋದು ನನ್ನ ಅನಿಸಿಕೆ. ಅದನ್ನ ನಾನು ಆಡಿಕೊಳ್ಳಲ್ಲ. ಫೋನಿನಲ್ಲಿ ನಾನೇ ಅಪ್ಪನ ಮಾತು ಐದು ನಿಮಿಷ ಕೇಳಲ್ಲ...

ಆದರೆ ಇವ್ಯಾವುದೂ ಬಿಪಿ ಮಾತ್ರೆ ಬಿಡಿ ಅಂದಿಲ್ಲ. ಅಪ್ಪನ ಹತ್ರ ವಾದ ಮಾಡಲಿಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋದೆ. 170/100. ಅಪ್ಪ ಸುಮ್ಮನಾದರು. ಮಾತ್ರೆ ಮತ್ತೆ ಶುರುವಾಗಿದೆ. ಸೂಜಿನೂ ನಡೀತಿದೆ.

ನಿಮ್ಮನೇಲೂ ಹೀಗೇನಾ? ಹೇಗೆ ಒಪ್ಪಿಸ್ತೀರಿ, ಹೇಳಿ.