ಹೊನ್ನಾಳಿಯ ಬೆಕ್ಕಿಗೆ ಕಚ್ಛದ ಮಣ್ಣೇಕೆ?

ಹಿತ್ತಿಲು, ದನದ ಕೊಟ್ಟಿಗೆ, ತಿಪ್ಪೆಗುಂಡಿ ಈ ಮೂರೂ ಇದ್ದ ಮನೆಗಳಲ್ಲಿ ಬೆಕ್ಕಿನ ಶೌಚವೆಂಬುದು ಯಾರೂ ಯೋಚಿಸಬೇಕಾದ ವಿಷಯವಾಗಿರಲಿಲ್ಲ. ಭತ್ತದ ಕಣಜವನ್ನು ಇಲಿಗಳಿಂದ ಕಾಯುತ್ತಿದ್ದ ಆ ಪ್ರಾಣಿ ಸಡಿಲವಾದ ಮಣ್ಣನ್ನು ತಾನೇ ಅರಸಿ, ಕೆದರಿ, ಮುಚ್ಚಿ ಬರುತ್ತಿತ್ತು. ಈಗ ಹೊನ್ನಾಳಿ, ನ್ಯಾಮತಿಗಳಂಥ ಊರುಗಳಲ್ಲಿಯೂ ಅಂಗಳಕ್ಕೆ ಕಾಂಕ್ರೀಟು ಬಿದ್ದು, ಹಿತ್ತಿಲಿದ್ದಲ್ಲಿ ಬಾಡಿಗೆಯ ಕೋಣೆಗಳೆದ್ದು, ಬೆಕ್ಕು ಮಾತ್ರ ಹಿಂದಿನಂತೆಯೇ ಮನೆಯೊಳಗೆ ಉಳಿದಿರುವುದರಿಂದ, ಪಕ್ಕದ ಮನೆಯವರು ಕಟ್ಟಡಕ್ಕೆಂದು ಸುರಿಸಿದ ಮರಳಿನ ರಾಶಿಯೇ ಅದಕ್ಕೆ ಗತಿಯಾಗಿದೆ. ಅನುಕೂಲವುಳ್ಳವರು ದೂರದ ಪೇಟೆಯಿಂದ ಜೇಡಿಮಣ್ಣಿನ ಚೀಲವನ್ನು ತರಿಸಿಕೊಳ್ಳುತ್ತಾರೆ. ಮೊದಲನೆಯದು ನೆರೆಯವರಿಗೆ ಅನ್ಯಾಯ, ಎರಡನೆಯದು ಅನಾವಶ್ಯಕವಾದ ವೆಚ್ಚ. ಮೂರನೆಯ ದಾರಿಯೊಂದು ನಮ್ಮ ಕಣಗಳಲ್ಲಿಯೇ ಬಿದ್ದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಕುಬೆಕ್ಕಿನ ಪೂರ್ವಜರು ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಶುಷ್ಕಪ್ರದೇಶಗಳ ಕಾಡುಬೆಕ್ಕುಗಳು. ಅಲ್ಪ ಜಲದಲ್ಲಿ ಬದುಕುವುದಕ್ಕೆ ಒಗ್ಗಿದ ಆ ವಂಶದ ಮೂತ್ರವು ಅತಿಸಾಂದ್ರವಾಗಿರುವುದರಿಂದಲೂ, ಸೂಕ್ಷ್ಮಜೀವಿಗಳು ಅದರೊಳಗಿನ ಯೂರಿಯಾವನ್ನು ಅಮೋನಿಯವಾಗಿ ಮಾರ್ಪಡಿಸುವುದರಿಂದಲೂ ನಮ್ಮ ಮೂಗಿಗೆ ಅಷ್ಟು ಬಾಧೆ. ಆದಕಾರಣ ಮನೆಯೊಳಗೆ ಬೆಕ್ಕಿನ ಶೌಚಕ್ಕೆಂದು ಇಡುವ ಪೆಟ್ಟಿಗೆಯಲ್ಲಿ ಏನನ್ನು ತುಂಬಿದರೂ ಅದು ದ್ರವವನ್ನು ಬೇಗ ಹೀರಬೇಕು, ಪಂಜಕ್ಕೆ ಮೃದುವಾಗಿರಬೇಕು, ಕೆದರಿದರೆ ಸರಿಯಬೇಕು. ಇಷ್ಟಕ್ಕಿಂತ ಹೆಚ್ಚಿನದನ್ನು ಬೆಕ್ಕು ಕೇಳುವುದಿಲ್ಲ.

ಜೇಡಿಯ ಬಳಕೆ ಪ್ರಾಚೀನವಾದದ್ದೂ ಅಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಎಡ್ ಲೋ ಎಂಬಾತನು, ಬೂದಿಯನ್ನು ತುಂಬಿ ಮನೆಯೆಲ್ಲ ಕರಿಹೆಜ್ಜೆಯಾಗುತ್ತಿದೆಯೆಂದು ಹೇಳಿಕೊಂಡ ನೆರೆಯ ಹೆಂಗಸಿಗೆ, ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಿಸಲೆಂದು ತಾನು ಮಾರುತ್ತಿದ್ದ ಜೇಡಿಯ ಕಾಳನ್ನು ಕೊಟ್ಟನು. ಅಲ್ಲಿಂದ ಒಂದು ದೊಡ್ಡ ವ್ಯಾಪಾರವೇ ಹುಟ್ಟಿತು. ನೀರು ತಾಗಿದರೆ ಉಬ್ಬಿ ಗಟ್ಟಿಯಾಗುವ ಬೆಂಟೊನೈಟ್ ಜೇಡಿ 1980ರ ದಶಕದಲ್ಲಿ ಬಂದಿತು. ನಮ್ಮ ದೇಶದಲ್ಲಿ ಅದರ ದೊಡ್ಡ ಗಣಿಗಳಿರುವುದು ಗುಜರಾತಿನ ಕಚ್ಛ ಪ್ರಾಂತದಲ್ಲಿ. ಭೂಮಿಯನ್ನು ಅಗೆದು, ನೂರಾರು ಮೈಲಿ ಸಾಗಿಸಿ, ಬಳಸಿ ಎಸೆಯುವ ಈ ಪದಾರ್ಥ ಕೊಳೆತು ಗೊಬ್ಬರವಾಗುವುದಿಲ್ಲ. ಚರಂಡಿಗೆ ಬಿದ್ದರೆ ಅಲ್ಲಿಯೂ ಉಬ್ಬಿ ನೀರನ್ನು ತಡೆಯುತ್ತದೆ. ಎಡ್ ಲೋ ಕೊಟ್ಟದ್ದು ತನ್ನ ಉಗ್ರಾಣದಲ್ಲಿದ್ದದ್ದನ್ನು. ನಾವೂ ನಮ್ಮ ಉಗ್ರಾಣವನ್ನು ನೋಡಿಕೊಳ್ಳಬಾರದೇಕೆ?

ದಾವಣಗೆರೆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರಾದದ್ದು. ಜಗಳೂರಿನ ಮಳೆಯಾಶ್ರಯದ ಹೊಲಗಳಿಂದ ಹಿಡಿದು ಹೊನ್ನಾಳಿಯ ಎರೆಯವರೆಗೆ, ಸುಗ್ಗಿಯಲ್ಲಿ ಯಂತ್ರವು ಕಾಳನ್ನು ಬಿಡಿಸಿಕೊಂಡ ಮೇಲೆ ಬೆಂಡುಗಳು ರಾಶಿರಾಶಿಯಾಗಿ ಉಳಿಯುತ್ತವೆ, ಬಹುಪಾಲು ಒಲೆಗೆ ಹೋಗುತ್ತವೆ. ಒಣಗಿದ ಬೆಂಡನ್ನು ಮುರಿದು ನೋಡಿದರೆ ನಡುವೆ ಹಗುರವಾದ ಬಿಳಿಯ ತಿರುಳು, ಅದರ ಸುತ್ತ ಗಟ್ಟಿಯಾದೊಂದು ಬಳೆ, ಹೊರಗೆ ಹೊಟ್ಟಿನ ಪೊರೆ. ಇದನ್ನು ಒಡೆದು, ಜರಡಿ ಹಿಡಿದು, ಗೋಧಿರವೆಗಿಂತ ತುಸು ದಪ್ಪನಾದ ನುಚ್ಚನ್ನು ಮಾಡಿದರೆ ತೇವವನ್ನು ಚೆನ್ನಾಗಿ ಹೀರುತ್ತದೆ. ಪ್ರಯೋಗಾಲಯಗಳಲ್ಲಿ ಇಲಿಗಳಿಗೆ ಈ ನುಚ್ಚನ್ನೂ ಹಾಸುವುದುಂಟು. ಬೂಷ್ಟು ಹಿಡಿದ ಬೆಂಡನ್ನು ಮಾತ್ರ ಸರ್ವಥಾ ಬಳಸಕೂಡದು.

ಭತ್ತದ ಹೊಟ್ಟು ಅಕ್ಕಿಗಿರಣಿಯಲ್ಲಿ ಸುಲಭವಾಗಿ ಸಿಕ್ಕುವುದಾದರೂ ಅದರ ಮೈಯಲ್ಲಿ ಸಿಲಿಕಾಂಶ ಬಹಳವಾಗಿರುವುದರಿಂದ ದ್ರವವು ಒಳಗಿಳಿಯದೆ ಜಾರಿಹೋಗುತ್ತದೆ. ತಳಕ್ಕೆ ರಂಧ್ರಗಳನ್ನು ಕೊರೆದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಹೊಟ್ಟನ್ನು ಹಾಸಿ, ಅದನ್ನು ಹಳೆಯ ವೃತ್ತಪತ್ರಿಕೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹರಡಿದ ಇನ್ನೊಂದು ಬೋಗುಣಿಯೊಳಗಿಟ್ಟರೆ ಆ ದೋಷ ತಪ್ಪುತ್ತದೆ. ಮರದ ಹೊಟ್ಟೂ ಆಗಬಹುದು, ಔಷಧ ಬಳಿದ ಮರದ್ದಲ್ಲವಾದರೆ. ಬೂದಿ ಬೇಡ, ಅದರ ಕ್ಷಾರ ಪಂಜಕ್ಕೆ ಹಿತವಲ್ಲ. ತುಂಗಭದ್ರೆಯ ಮರಳು ಬೇಡವೇ ಬೇಡ. ಆ ನದಿಯ ಪಾತ್ರವನ್ನು ನಾವು ಬಗೆದಿರುವುದೇ ಸಾಲದೆ? ಯಾವುದನ್ನು ಆರಿಸಿಕೊಂಡರೂ ಹಳೆಯದರಲ್ಲಿ ಹಿಡಿಹಿಡಿಯಾಗಿ ಬೆರೆಸುತ್ತ ರೂಢಿಮಾಡಿಸಬೇಕು. ಒಮ್ಮೆಲೇ ಬದಲಿಸಿದರೆ ಬೆಕ್ಕು ಪೆಟ್ಟಿಗೆಯನ್ನೇ ತೊರೆದೀತು.

ಮನುಷ್ಯರ ಶೌಚಾಲಯವನ್ನೇ ಬೆಕ್ಕಿಗೆ ಕಲಿಸುವವರೂ ಇದ್ದಾರೆ. ಅದು ನನಗೆ ಸಮ್ಮತವಲ್ಲ. ಗಂಡುಬೆಕ್ಕಿಗೆ ಮೂತ್ರ ಕಟ್ಟಿದರೆ ಎರಡು ಮೂರು ದಿನಗಳಲ್ಲಿ ಪ್ರಾಣಕ್ಕೇ ಸಂಚಕಾರ. ನೆನೆಯದೆ ಒಣಗಿಯೇ ಇರುವ ನುಚ್ಚು ಆ ಅಪಾಯವನ್ನು ಒಡೆಯನಿಗೆ ತಿಳಿಸುವಂತೆ ಹರಿದುಹೋಗುವ ನೀರು ತಿಳಿಸಲಾರದು.

ಇದೆಲ್ಲಕ್ಕಿಂತ ಗುರುತರವಾದದ್ದು ವಿಲೇವಾರಿಯ ಪ್ರಶ್ನೆ. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯ ಬೀಜಕೋಶಗಳು ಬೆಕ್ಕಿನ ಮಲದಲ್ಲಿ ಹೊರಬರುವುದುಂಟು. ಅವು ಸೋಂಕು ತಗುಲಿಸುವಷ್ಟು ಪಕ್ವವಾಗಲು ಒಂದರಿಂದ ಐದು ದಿನ ಬೇಕಾದುದರಿಂದ, ಮಲವನ್ನು ದಿನದಿನವೂ ತೆಗೆದುಹಾಕುವ ಮನೆಯಲ್ಲಿ ಭಯಕ್ಕೆ ಕಾರಣ ಬಹಳ ಕಡಮೆ. ಗರ್ಭಿಣಿಯು ಈ ಕೆಲಸವನ್ನು ಇತರರಿಗೆ ಬಿಟ್ಟುಕೊಟ್ಟರೆ ಸಾಕು. ಸೊಸೆ ಬಸುರಿಯೆಂಬ ಕಾರಣಕ್ಕೆ ವರ್ಷಗಟ್ಟಲೆ ಸಾಕಿದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವ ಕ್ರೌರ್ಯಕ್ಕೆ ಯಾವ ವೈದ್ಯಶಾಸ್ತ್ರದ ಆಧಾರವೂ ಇಲ್ಲ. ಆದರೆ ಬೆಂಡಿನ ನುಚ್ಚು ಕೊಳೆಯತಕ್ಕದ್ದೆಂದು ಮಲಸಹಿತವಾಗಿ ತೋಟಕ್ಕೆ ಚೆಲ್ಲುವುದು ತಪ್ಪು. ಮನೆಯ ಗೊಬ್ಬರಗುಂಡಿಯ ಕಾವಿಗೆ ಆ ಬೀಜಕೋಶಗಳು ಸಾಯುವುದು ನಿಶ್ಚಯವಿಲ್ಲ. ನಮ್ಮ ಕಡೆ ಅಡಿಕೆಮರಕ್ಕೆ ವೀಳ್ಯದ ಬಳ್ಳಿಯನ್ನು ಹಬ್ಬಿಸುತ್ತೇವೆ, ಆ ಎಲೆಯನ್ನು ಹಸಿಯಾಗಿಯೇ ಮೆಲ್ಲುತ್ತೇವೆ. ಅಂಥ ಬುಡಕ್ಕೂ ಸೊಪ್ಪಿನ ಮಡಿಗೂ ಇದು ಸೋಕಬಾರದು. ಬಾವಿ ಮತ್ತು ನಾಲೆಗಳಿಂದ ದೂರದಲ್ಲಿ ಮೊಣಕಾಲುದ್ದದ ಗುಂಡಿ ತೆಗೆದು ಮಲವನ್ನು ಹೂಳಬೇಕು. ಜಾಗವಿಲ್ಲದವರು ಕಾಗದದಲ್ಲಿ ಭದ್ರವಾಗಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು.

ಬೆಂಡನ್ನು ಪ್ರತಿಯೊಂದು ಮನೆಯವರೂ ಕುಟ್ಟಿಕೊಳ್ಳಲೆಂದು ನಾನು ನಿರೀಕ್ಷಿಸುವುದಿಲ್ಲ. ಹಿಟ್ಟಿನ ಗಿರಣಿಯಂಥ ಸಣ್ಣದೊಂದು ಯಂತ್ರ, ಎರಡು ಕಣ್ಣಳತೆಯ ಜರಡಿಗಳು, ಮಳೆ ತಾಗದ ಒಂದು ಕೊಠಡಿ, ಇಷ್ಟಿದ್ದರೆ ನ್ಯಾಮತಿಯಲ್ಲಿಯೋ ಜಗಳೂರಿನಲ್ಲಿಯೋ ಸ್ತ್ರೀಶಕ್ತಿ ಸಂಘವೊಂದು ಈ ನುಚ್ಚನ್ನು ಮಾಡಿ ದಾವಣಗೆರೆ, ಶಿವಮೊಗ್ಗಗಳ ಮನೆಗಳಿಗೆ ಮಾರಬಹುದು. ಸುಗ್ಗಿಯ ನಂತರ ಬೆಂಡು ಒಣಗಿ ಹಗುರವಾಗಿರುವಾಗಲೇ ಸಂಗ್ರಹಿಸತಕ್ಕದ್ದು. ಮಳೆಗೆ ನೆನೆದ ರಾಶಿ ಒಲೆಗೂ ಬಾರದು, ಬೆಕ್ಕಿಗೂ ಬಾರದು.