ಲೀಲಾವತಿ ಬೈಪಡಿತ್ತಾಯರ ಪದ, ನಮ್ಮ ಪದ್ಯಪಾಠ

ಲೀಲಾವತಿ ಬೈಪಡಿತ್ತಾಯರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರಿಗೆ 77 ವರ್ಷವಾಗಿತ್ತು. ತೆಂಕುತಿಟ್ಟು ಯಕ್ಷಗಾನದ ಮೊದಲ ವೃತ್ತಿಪರ ಮಹಿಳಾ ಭಾಗವತರು ಎಂದು ಪತ್ರಿಕೆಗಳೆಲ್ಲ ಬರೆದವು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಾಗಲೂ ಇದನ್ನೇ ಹೇಳಿದ್ದರು. ‘ಮೊದಲಿಗರು’ ಎಂಬ ಮಾತಿನಲ್ಲಿ ಅವರ ಬದುಕಿನ ಅರ್ಧ ಭಾಗ ಮರೆಯಾಗಿಬಿಡುತ್ತದೆ. ಅವರು ಹೇಗೆ ಕಲಿತರು, ಆಮೇಲೆ ಹೇಗೆ ಕಲಿಸುವವರಾದರು ಎಂಬ ಆ ಇನ್ನರ್ಧವೇ ಅಧ್ಯಾಪನ ಕಲಿಯುವ, ಕಲಿಸುವ ನಮಗೆ ಬೇಕಾದದ್ದು.

ಅವರು ಹುಟ್ಟಿದ್ದು 1947ರಲ್ಲಿ, ಕಾಸರಗೋಡಿನ ಮಧೂರಿನಲ್ಲಿ. ಶಾಲೆಯಲ್ಲಿ ಕೂತು ಕಲಿಯುವ ಅವಕಾಶ ಸಿಗಲಿಲ್ಲ. ಮನೆಯಲ್ಲೇ ಓದು ಬರಹ ಕಲಿತು ಹಿಂದಿ ವಿಶಾರದದವರೆಗೆ ಹೋದರು. ಮಧೂರು ಪದ್ಮನಾಭ ಸರಳಾಯರಲ್ಲಿ ಶಾಸ್ತ್ರೀಯ ಸಂಗೀತ ಅಭ್ಯಾಸ ಮಾಡಿದರು. ಮದುವೆಯಾದದ್ದು ಹಿಮ್ಮೇಳ ಕಲಾವಿದರಾದ ಹರಿನಾರಾಯಣ ಬೈಪಡಿತ್ತಾಯರನ್ನು. ಯಕ್ಷಗಾನದ ಪದ ಹೇಳುವುದನ್ನು ಕಲಿತದ್ದು ಆ ಬಳಿಕವೇ, ಪತಿಯಿಂದಲೇ.

ಸಂಗೀತ ಬಲ್ಲವರಿಗೆ ಪದ ಹೇಳುವುದು ಸುಲಭ ಎಂದುಕೊಳ್ಳುವವರಿದ್ದಾರೆ. ನಿಜಕ್ಕೂ ಅದು ಅಷ್ಟು ಸುಲಭವಲ್ಲ. ಕಛೇರಿಯಲ್ಲಿ ಹಾಡುವವರು ಒಂದು ಸಾಲನ್ನು ಎಷ್ಟು ಸಲ ಬೇಕಾದರೂ ತಿರುಗಿಸಿ ಬೆಳೆಸಬಹುದು. ಯಕ್ಷಗಾನದಲ್ಲಿ ಪದ ಮುಗಿದ ಕೂಡಲೇ ವೇಷಧಾರಿ ಅದರ ಅರ್ಥ ಹೇಳಬೇಕು. ಹಾಡಿದ ಮಾತು ಅವನ ಕಿವಿಗೂ, ಎದುರಿನ ಗದ್ದೆಯಲ್ಲಿ ಕೂತ ಕೊನೆಯ ಅಜ್ಜಿಯ ಕಿವಿಗೂ ಬಿಡಿಬಿಡಿಯಾಗಿ ಬೀಳಬೇಕು. ರಾಗ ಅಲ್ಲಿ ಯಜಮಾನನಲ್ಲ, ಸಾಹಿತ್ಯದ ಕೆಲಸದವನು. ಹಾಗಾಗಿ ಶಾಸ್ತ್ರೀಯ ಸಂಗೀತ ಕಲಿತವರು ಭಾಗವತಿಕೆಗೆ ಬಂದರೆ ಕಲಿತದ್ದರಲ್ಲಿ ಎಷ್ಟೋ ಭಾಗವನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ತೊಡಗಬೇಕು. ಬೈಪಡಿತ್ತಾಯರು ಗೃಹಿಣಿಯಾದ ಮೇಲೆ ಆ ಕೆಲಸ ಮಾಡಿದರು. ಆಮೇಲೆ ಅರುವ ಮೇಳವೂ ಸೇರಿದಂತೆ ಡೇರೆ ಮೇಳಗಳಲ್ಲಿ, ಬಯಲಾಟಗಳಲ್ಲಿ ಗಂಡು ಭಾಗವತರಂತೆಯೇ ರಾತ್ರಿಯಿಡೀ ಆಟ ಆಡಿಸಿದರು. ಧರ್ಮಸ್ಥಳದ ಯಕ್ಷಗಾನ ಕೇಂದ್ರದಲ್ಲಿ ಕಲಿಸಿದರು. ಬಜಪೆಯ ಮನೆಯಲ್ಲೂ ಪಾಠ ನಡೆಯಿತು. ಶಿಷ್ಯರು ದಂಪತಿಯ ಹೆಸರು ಸೇರಿಸಿ ‘ಹರಿಲೀಲಾ’ ಎಂದು ಕರೆದು ಗೌರವಿಸಿದರು.

ಇನ್ನು ನಮ್ಮ ತರಗತಿಗೆ ಬರೋಣ. ನಮ್ಮ ಪ್ರಶಿಕ್ಷಣಾರ್ಥಿಗಳು ಕಾಪು, ಕಾರ್ಕಳ, ಮಣಿಪಾಲದ ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ಹೋಗುತ್ತಾರೆ. ಪದ್ಯಪಾಠದ ವೀಕ್ಷಣೆಗೆ ಕೂತರೆ ಈಗ ಹೆಚ್ಚಾಗಿ ಕಾಣುವುದು ಇಷ್ಟು: ಪೀಠಿಕೆಯ ಪ್ರಶ್ನೆಗಳಾಗುತ್ತವೆ, ಕವಿ ಪರಿಚಯವಾಗುತ್ತದೆ, ಆಮೇಲೆ ಚೀಲದಿಂದ ಪುಟ್ಟ ಸ್ಪೀಕರ್ ಹೊರಬರುತ್ತದೆ. ಮೊಬೈಲಿನಲ್ಲಿ ಯಾರೋ ಹಾಡಿದ ಷಟ್ಪದಿ ಕೇಳಿಸುತ್ತದೆ. ಶಿಕ್ಷಕಿಯೂ ಮಕ್ಕಳೂ ಸುಮ್ಮನೆ ಕೂತು ಕೇಳುತ್ತಾರೆ. ಪಾಠ ಯೋಜನೆಯಲ್ಲಿ ‘ಆದರ್ಶ ವಾಚನ’ದ ಎದುರು ಗುರುತು ಬೀಳುತ್ತದೆ, ಬೋಧನೋಪಕರಣ ಬಳಸಿದ್ದಕ್ಕೆ ಅಂಕವೂ ಸಿಗುತ್ತದೆ. ಇದನ್ನು ಆದರ್ಶ ವಾಚನ ಎಂದು ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ. ಧ್ವನಿಮುದ್ರಣ ಕೇಳಿಸುವುದು ತಪ್ಪಲ್ಲ, ಆದರೆ ಅದು ಎರಡನೆಯ ಕೆಲಸ. ಶಿಕ್ಷಕಿಯ ಬಾಯಿಯಿಂದ ಪದ್ಯ ಒಮ್ಮೆಯೂ ಹೊರಡದಿದ್ದರೆ ಮಗು ಅದನ್ನು ತನ್ನ ಬಾಯಿಗೆ ತಂದುಕೊಳ್ಳುವ ಧೈರ್ಯವನ್ನು ಎಲ್ಲಿಂದ ತರಬೇಕು?

‘ನನಗೆ ಸ್ವರ ಇಲ್ಲ ಮೇಡಂ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಇಲ್ಲಿ ಬೇಕಾದದ್ದು ಗಾಯನವಲ್ಲ, ಲಯ ಮತ್ತು ಪದ ಬಿಡಿಸುವ ಜಾಣ್ಮೆ. ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡಿಗೆ. ಗಣ ಮುಗಿಯುವ ಕಡೆಯಲ್ಲೇ ಪದ ಮುಗಿಯುತ್ತದೆ ಎಂದೇನಿಲ್ಲ. ಬರೀ ಗಣ ನೋಡಿ ಓದಿದರೆ ಅರ್ಥ ತುಂಡಾಗುತ್ತದೆ, ಬರೀ ಅರ್ಥ ನೋಡಿ ಓದಿದರೆ ಪದ್ಯ ಗದ್ಯವಾಗುತ್ತದೆ. ಎರಡನ್ನೂ ಕೈಬಿಡದೆ ಸಾಗುವುದೇ ಓದುವ ಕೌಶಲ. ಇದನ್ನು ಪ್ರತಿ ಪದದಲ್ಲೂ ಮಾಡುತ್ತಾ ರಾತ್ರಿ ಬೆಳಗು ಮಾಡುವವರೇ ಭಾಗವತರು. ಕನ್ನಡ ಬೋಧನಾ ವಿಧಾನದ ತರಗತಿಗೆ ನಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಬೇರೆ ಇಲ್ಲ.

ಮಕ್ಕಳ ಕಡೆಯಿಂದಲೂ ಅನುಕೂಲವಿದೆ. ಯಕ್ಷಶಿಕ್ಷಣ ಟ್ರಸ್ಟ್ ಮತ್ತು ಯಕ್ಷಗಾನ ಕಲಾರಂಗದ ಕೆಲಸದಿಂದ ಉಡುಪಿ ಸುತ್ತಿನ ಎಷ್ಟೋ ಹೈಸ್ಕೂಲುಗಳಲ್ಲಿ ಮಕ್ಕಳು ಹೆಜ್ಜೆ ಕಲಿತು, ಗೆಜ್ಜೆ ಕಟ್ಟಿ ರಂಗವೇರುತ್ತಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೂ ಬಹಳ. ತ್ರಿವುಡೆ ತಾಳಕ್ಕೆ ಕುಣಿದ ಮಗುವಿನ ಕಾಲಿಗೆ ಏಳು ಮಾತ್ರೆಯ ಲೆಕ್ಕ ಗೊತ್ತಿರುತ್ತದೆ. (ರಂಗದಲ್ಲಿ ಭಾಮಿನಿಯನ್ನು ತಾಳವಿಲ್ಲದೆ ಹೇಳುವುದೇ ರೂಢಿ, ಆ ಮಾತು ಬೇರೆ.) ಅದೇ ಮಗು ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಲು ಬಾರದೆ ಸೋತು ಕೂತಿರುತ್ತದೆ. ‘ಏಳನ್ನು ಕೈಯಲ್ಲಿ ಹಾಕು ನೋಡೋಣ’ ಎಂದು ಶಿಕ್ಷಕಿ ಕೇಳಿದರೆ ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದಕ್ಕೆ ಹೋಗುವ ಸೂತ್ರ ಪುಸ್ತಕದಿಂದ ಎದ್ದು ಬರುತ್ತದೆ. ಕೇಳಲು ಮೊದಲು ಅವಳಿಗೆ ತಾಳ ಹಾಕಲು ಬರಬೇಕು.

ಬೈಪಡಿತ್ತಾಯರ ಕುರಿತ ಬರಹಗಳಲ್ಲಿ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ: ಮನೆ, ಮಕ್ಕಳು, ಮೇಳ ಎಲ್ಲವನ್ನೂ ನಿಭಾಯಿಸಿದರು ಎಂದು. ಈ ಹೊಗಳಿಕೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಅವರು ಪದ ಹೇಳುವಾಗ ಮದ್ದಳೆ ಹಿಡಿದು ಪಕ್ಕದಲ್ಲಿ ಕೂತವರು, ಪದ ಕಲಿಸಿದವರು, ಮೇಳಕ್ಕೆ ಜತೆಯಾಗಿ ಹೋದವರು ಗಂಡನೇ. ಆ ಬೆಂಬಲ ಇಲ್ಲದಿದ್ದರೆ ಎಂಥ ಕಂಠವೂ ಅಡುಗೆಮನೆಯಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿಯೂ ಮದುವೆಯಾದ, ಕೈಗೂಸಿರುವ ಪ್ರಶಿಕ್ಷಣಾರ್ಥಿಗಳಿದ್ದಾರೆ. ‘ಎಲ್ಲ ನಿಭಾಯಿಸಬೇಕಮ್ಮ’ ಎಂದು ಅವರಿಗೆ ಉಪದೇಶ ಮಾಡುವ ಬದಲು ಅಭ್ಯಾಸ ಪಾಠಕ್ಕೆ ಮನೆಯ ಹತ್ತಿರದ ಶಾಲೆ ಕೊಡಬಹುದು. ಕಾರ್ಕಳದ ಆಚೆಯಿಂದ ಬರುವವರನ್ನು ಕಾಪುವಿಗೆ ಕಳುಹಿಸಿ ಎರಡು ಬಸ್ ಬದಲಿಸುವಂತೆ ಮಾಡಬೇಕಿಲ್ಲ.

ಪದ್ಯಪಾಠದ ಬಗ್ಗೆ ನನ್ನ ಸಲಹೆ ಚಿಕ್ಕದು. ಮುಂದಿನ ಅವಧಿಯಿಂದ ಕನ್ನಡ ಪದ್ಯದ ಪ್ರತಿ ಅಭ್ಯಾಸ ಪಾಠದಲ್ಲೂ ಪ್ರಶಿಕ್ಷಣಾರ್ಥಿ ಸ್ವತಃ ಪದ್ಯ ವಾಚಿಸಬೇಕು. ವೀಕ್ಷಣಾ ಪುಸ್ತಕದಲ್ಲಿ ಅದಕ್ಕೆ ಬೇರೆ ಅಂಕವಿರಬೇಕು: ಮಾತ್ರೆ ತಪ್ಪಲಿಲ್ಲವೇ, ಪದ ಬಿಡಿಸಿದ್ದು ಅರ್ಥಕ್ಕೆ ಹೊಂದಿತೇ, ಕೊನೆಯ ಬೆಂಚಿಗೆ ಕೇಳಿಸಿತೇ. ಕಂಠಕ್ಕೆ ಅಂಕ ಬೇಡ. ಸೂಕ್ಷ್ಮ ಬೋಧನೆಯ ದಿನಗಳಲ್ಲಿ ನಾಲ್ಕು ಅವಧಿಯನ್ನಾದರೂ ಇದಕ್ಕೆ ಮೀಸಲಿಟ್ಟು, ಹತ್ತಿರದ ಯಾರಾದರೂ ಭಾಗವತರನ್ನೋ ಗಮಕಿಗಳನ್ನೋ ಕರೆದು ಕೂರಿಸಿದರೆ ಸಾಕು. ಅವರಿಗೆ ಬಿ.ಎಡ್. ಆಗಿರಬೇಕಿಲ್ಲ. ಮೊದಲು ಕಲಿಯಲು ಕೂರಬೇಕಾದವರು ಪ್ರಶಿಕ್ಷಣಾರ್ಥಿಗಳಲ್ಲ, ಅಂಕ ಹಾಕುವ ನಾವು.